ಮೂರನೆಯ ಮಂಗಳವಾರ

೧೯೮೧ರ ಮಾರ್ಚ್ ೧೮, ಬುಧವಾರ, ಬೆಳಿಗ್ಗೆ ಹತ್ತೂಮುಕ್ಕಾಲು. ಗದಗಿನ ಒಂದು ಖಾಸಗಿ ರಕ್ತಪರೀಕ್ಷಾ ಕೇಂದ್ರದಲ್ಲಿ ವಾಸುದೇವ ಹೊಂಬಳ ಒಂಬತ್ತು ವರ್ಷದ ಹುಡುಗಿಯೊಬ್ಬಳ ರಕ್ತದ ನೂರು ಬಿಳಿ ಕಣಗಳನ್ನು ಎಣಿಸಿದ. ಅದರಲ್ಲಿ ನ್ಯೂಟ್ರೊಫಿಲ್ ಒಂದೂ ಇರಲಿಲ್ಲ.

ಮೈಯಲ್ಲಿ ಎಲ್ಲಿ ಸೋಂಕು ಕಾಣಿಸಿಕೊಂಡರೂ ಮೊದಲು ಅಲ್ಲಿಗೆ ಓಡುವ ಕಣ ಅದು. ಗಟ್ಟಿಮುಟ್ಟಾದ ಮಗುವಿನ ರಕ್ತದಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತು ಇರುತ್ತವೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಸೊನ್ನೆ ಎಂದು ಬರೆದು ವರದಿ ಕೊಟ್ಟ ನೆನಪು ವಾಸುದೇವನಿಗೆ ಇರಲಿಲ್ಲ.

ಅವನು ಮೊದಲು ಶಂಕಿಸಿದ್ದು ಬಣ್ಣವನ್ನು. ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿದ ರಕ್ತಕ್ಕೆ ಬಣ್ಣ ಹಾಕಿ, ಮೇಲೆ ನೀರು ಬೆರೆಸಿ, ತೊಳೆದು ಒಣಗಿಸಿ ನೋಡುವುದು ಕ್ರಮ. ನೀರು ಸವಳಾದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಒಂದು ಜಾತಿಯ ಕಣ ಇನ್ನೊಂದರಂತೆ ಕಾಣುತ್ತದೆ. ಫೆಬ್ರುವರಿ ಮೊದಲ ವಾರ ಹಾಗೆ ಆಗಿತ್ತು. ಆಮೇಲೆ ಅವನು ನಳದ ನೀರು ಬಿಟ್ಟು, ಬ್ಯಾಟರಿ ಅಂಗಡಿಯಿಂದ ಬಟ್ಟಿ ಇಳಿಸಿದ ನೀರು ತರಿಸುತ್ತಿದ್ದ. ಆದರೂ ಈಗ ತನ್ನದೇ ಬೆರಳಿಗೆ ಸೂಜಿ ಚುಚ್ಚಿ, ಅದೇ ಬಣ್ಣ, ಅದೇ ನೀರಿನಲ್ಲಿ ಇನ್ನೊಂದು ಸ್ಲೈಡು ಮಾಡಿದ. ಅವನ ರಕ್ತದಲ್ಲಿ ನೂರಕ್ಕೆ ಅರವತ್ತೊಂದು ನ್ಯೂಟ್ರೊಫಿಲ್ ಇದ್ದವು. ಬಣ್ಣದಲ್ಲಿ ದೋಷವಿರಲಿಲ್ಲ.

ಹುಡುಗಿಯ ಸ್ಲೈಡನ್ನು ಮತ್ತೆ ಇಟ್ಟು ಇನ್ನೂರು ಕಣ ಎಣಿಸಿದ. ಸೊನ್ನೆ.

ಹನ್ನೆರಡೂವರೆಗೆ ಅವರು ವರದಿ ಒಯ್ಯಲು ಬಂದರು. ಮೂವರು. ಹುಡುಗಿ ನೀಲಗಂಗಾ, ಅವಳ ತಾಯಿ ಸುಮಿತ್ರವ್ವ, ತಂದೆಯ ತಾಯಿ ಗದಿಗೆವ್ವ. ಲಕ್ಷ್ಮೇಶ್ವರದ ಆಚೆಯ ಬಾಳೆಹೊಸೂರಿನವರು, ಒಕ್ಕಲುತನದ ಮನೆ. ಹುಡುಗಿಯ ತುಟಿ ಒಡೆದಿತ್ತು, ಬಾಯಿ ಅರ್ಧ ತೆರೆದೇ ಇತ್ತು. ಸುಮಿತ್ರವ್ವ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ಬಾಗಿಲ ಬಳಿ ನಿಂತಳು. ಗದಿಗೆವ್ವ ಬೆಂಚಿನ ಮೇಲೆ ಕುಳಿತಳು.

"ಅವ್ವಾರ, ಇನ್ನೊಂದ ಹನಿ ರಕ್ತ ಬೇಕಾಗ್ಯದ," ಎಂದ ವಾಸುದೇವ.

"ಯಾಕ್ರಿ ರಾಯರ, ಮುಂಜಾನಿ ತಗೊಂಡಿದ್ದು ಚೆಲ್ಲಿದ್ರೇನು?"

"ಚೆಲ್ಲಿಲ್ಲ. ಲೆಕ್ಕ ಸರಿ ಬರವಲ್ತು. ಇನ್ನೊಮ್ಮೆ ನೋಡ್ತೀನಿ."

ಗದಿಗೆವ್ವ ಅವನನ್ನು ದಿಟ್ಟಿಸಿದಳು. "ಹ್ವಾದ ಸಲ ಗಾಜು ಕೆಟ್ಟೈತಿ ಅಂದ್ರಿ. ಈ ಸಲ ಲೆಕ್ಕ ಕೆಟ್ಟೈತಿ ಅಂತೀರಿ. ನಾಳೆ ನಮ್ಮ ಹುಡುಗಿ ರಕ್ತನ ಕೆಟ್ಟೈತಿ ಅಂತೀರಿ. ಕೆಟ್ಟಿದ್ದು ಯಾವ್ದು, ಒಂದ ಹೇಳ್ರಿ."

"ಹೋದ ಸಲ ಅಂದ್ರ ಯಾವಾಗ?"

"ನಿಮಗ ನೆಪ್ಪಿಲ್ಲೇನು? ಎಂಟ ದಿನ ಬಿಟ್ಟು ಬರ್ರಿ ಅಂದ್ರಿ. ಬಂದ್ವಿ. ಆಮ್ಯಾಲ ಕಾಗದ ಕೊಟ್ರಿ."

ವಾಸುದೇವ ಕಪಾಟಿನಿಂದ ಕಚ್ಚಾ ವಹಿ ತೆಗೆದ. ಆ ಕೇಂದ್ರದಲ್ಲಿ ದೊಡ್ಡ ರಿಜಿಸ್ಟರಿಗೆ ಹೋಗುತ್ತಿದ್ದುದು ಸರಿಯಾದ ಫಲಿತಾಂಶ ಮಾತ್ರ. ಕೆಟ್ಟ ಸ್ಲೈಡುಗಳನ್ನು ತೊಳೆದು ಮತ್ತೆ ಬಳಸುತ್ತಿದ್ದರು, ಅವುಗಳ ಎಣಿಕೆಗೆ ಕಚ್ಚಾ ವಹಿಯಲ್ಲಿ ಗೀಟು ಹೊಡೆಯುತ್ತಿದ್ದರು. ಫೆಬ್ರುವರಿ ನಾಲ್ಕು, ಬುಧವಾರದ ಪುಟದಲ್ಲಿ ಹತ್ತೊಂಬತ್ತನೆಯ ಹೆಸರು ನೀಲಗಂಗಾ. ಒಟ್ಟು ಬಿಳಿ ಕಣ ಎರಡು ಸಾವಿರದ ಎಂಟುನೂರು. ನ್ಯೂಟ್ರೊಫಿಲ್ ಸೊನ್ನೆ. ಆ ಸಾಲಿನ ಮೇಲೆ ಪೆನ್ಸಿಲಿನ ಗೀಟು, ಪಕ್ಕದಲ್ಲಿ ಅವನದೇ ಕೈಬರಹ: "ನೀರು ಸರಿಯಿಲ್ಲ. ಮುಂದಿನ ವಾರ." ಫೆಬ್ರುವರಿ ಹನ್ನೊಂದರ ಪುಟದಲ್ಲಿ ಅದೇ ಹುಡುಗಿ, ಒಟ್ಟು ಆರು ಸಾವಿರದ ನಾನೂರು, ನ್ಯೂಟ್ರೊಫಿಲ್ ನೂರಕ್ಕೆ ಐವತ್ತೆರಡು. ಅದನ್ನು ರಿಜಿಸ್ಟರಿಗೆ ಏರಿಸಿ ವರದಿ ಕೊಟ್ಟಿದ್ದ.

ಫೆಬ್ರುವರಿ ನಾಲ್ಕರಂದು ಬೇರೆ ಹದಿನೆಂಟು ಜನರ ಸ್ಲೈಡುಗಳೂ ಮಸುಕಾಗಿದ್ದವು. ಆದರೆ ಅವುಗಳಲ್ಲಿ ನ್ಯೂಟ್ರೊಫಿಲ್ ಕಂಡಿದ್ದವು. ಅಂದು ಅವನು ಅದನ್ನು ಹೋಲಿಸಿ ನೋಡಿರಲಿಲ್ಲ.

"ಆ ಕಾಗದ ಒಯ್ದು ಏನ್ ಮಾಡಿದ್ರಿ?" ಎಂದು ಕೇಳಿದ.

"ಬೆಟಗೇರಿ ಹಲ್ಲಿನ ಡಾಕ್ಟ್ರಿಗೆ ಕೊಟ್ವಿ. ರಕ್ತ ಚಲೋ ಐತಿ, ಹಲ್ಲ ಕೆಟ್ಟಾವು ಅಂದ್ರು. ಬುಧವಾರ ಕೆಳಗಿನ ಎಡ್ಡ ಹಲ್ಲ ಕಿತ್ರು."

"ಯಾವ ಬುಧವಾರ?"

"ಶಿವರಾತ್ರಿಗಿಂತ ಮೊದಲ." ಗದಿಗೆವ್ವ ಕೈಯಿಂದ ಗಲ್ಲ ಉಬ್ಬಿದ್ದನ್ನು ತೋರಿಸಿದಳು. "ಮರುದಿನ ಗಲ್ಲ ಅನ್ನೂದು ಕುಂಬಳಕಾಯಿ ಆತು. ಮೈ ಕೆಂಡ. ಲಕ್ಷ್ಮೇಶ್ವರದಾಗ ಹನ್ನೊಂದ ದಿನ ಸೂಜಿ ಮಾಡಿಸಿದ್ವಿ. ಇನ್ನೂ ಆ ಕುಣಿ ಕೂಡಿಲ್ಲ. ಇವತ್ತ ಮ್ಯಾಲಿನವು ನಾಕು ಕೀಳ್ತಾರಂತ. ಎಡ್ಡ ಗಂಟೆಕ್ಕ ಬರ್ರಿ ಅಂದಾರ. ಕಾಗದ ಕೊಡ್ರಿ, ಹೊಕ್ಕೇವಿ."

ಅದು ಫೆಬ್ರುವರಿ ಇಪ್ಪತ್ತೈದು ಎಂದು ವಾಸುದೇವ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿಕೊಂಡ. ಹುಡುಗಿಯ ಬೆರಳಿನಿಂದ ಇನ್ನೊಂದು ಹನಿ ತೆಗೆದ. ಅವಳು ಕೈ ಎಳೆದುಕೊಳ್ಳಲಿಲ್ಲ. ಹದಿನೈದು ನಿಮಿಷದಲ್ಲಿ ಬಣ್ಣ ಹಾಕಿ, ಐವತ್ತು ಕಣ ಎಣಿಸಿ ಎದ್ದ.

"ಅವ್ವಾರ, ಇವತ್ತ ಹಲ್ಲು ಕೀಳಿಸಬ್ಯಾಡ್ರಿ. ಇವತ್ತ ಈ ಹುಡುಗಿ ರಕ್ತದಾಗ ನಂಜು ತಡಿಯೋ ಕಣಾನ ಇಲ್ಲ. ಗಾಯ ಆದ್ರ ಹೋದ ಸಲದಕ್ಕಿಂತ ಹೆಚ್ಚಾಗ್ತದ."

"ಮತ್ತ ಹ್ವಾದ ಸಲ ಅದಾವು ಅಂತ ಬರದು ಕೊಟ್ಟಿದ್ರೆಲ್ಲ?"

"ಅವತ್ತ ಇದ್ವು."

"ಈಗ ಎಲ್ಲಿ ಹ್ವಾದುವು? ಜಾತ್ರಿಗೆ ಹೋಗ್ಯಾವೇನು?"

ಆಗ ಸುಮಿತ್ರವ್ವ ಮೊದಲ ಸಲ ಮಾತಾಡಿದಳು. ಸೆರಗು ತೆಗೆಯಲಿಲ್ಲ. "ಕೀಳಿಸೇ ಬಿಡ್ರಿ ರಾಯರ. ನಂದೂ ಹಿಂಗ ಇತ್ತು. ಎಲ್ಲಾ ಕೀಳಿಸಿದ ಮ್ಯಾಲೆ ಆರಾಮಾತು. ಇದ್ದಷ್ಟ ದಿನ ಬ್ಯಾನಿ ಅದು. ಅಕಿ ಅಳೂದು ನನ್ನಿಂದ ನೋಡಾಕ ಆಗವಲ್ದು."

"ಕೇಳಿದ್ರೆಲ್ಲ," ಎಂದು ಗದಿಗೆವ್ವ ಎದ್ದಳು. "ಹಳೆ ಕಾಗದ ಡಾಕ್ಟ್ರ ಹತ್ರನ ಐತಿ. ಅದ ಸಾಕು. ನಡಿ ಗಂಗೀ."

ಕೇಂದ್ರದ ಒಡೆಯರಾದ ವೈದ್ಯರು ಬುಧವಾರ ಹುಬ್ಬಳ್ಳಿಯಲ್ಲಿರುತ್ತಿದ್ದರು. ಬೆಟಗೇರಿಯ ದಂತವೈದ್ಯ ವಿರೂಪಾಕ್ಷಪ್ಪನವರ ದವಾಖಾನೆಗೆ ಫೋನು ಇರಲಿಲ್ಲ. ವಾಸುದೇವ ಮೂರು ಸ್ಲೈಡುಗಳನ್ನು ಕಾಗದದಲ್ಲಿ ಸುತ್ತಿ ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟ. ಕಚ್ಚಾ ವಹಿಯನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಸಿಕ್ಕಿಸಿದ. ಬಾಗಿಲಿಗೆ ಕೀಲಿ ಹಾಕಿದಾಗ ಒಂದೂಮುಕ್ಕಾಲು. ಹೋಳಿ ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಹುಡುಗರು ಹಲಗೆ ಬಡಿಯುತ್ತಿದ್ದರು.

ಅವನು ದವಾಖಾನೆಯೊಳಗೆ ಹೋದಾಗ ನೀಲಗಂಗಾ ಕುರ್ಚಿಯಲ್ಲಿ ಒರಗಿದ್ದಳು. ಸ್ಟೋವಿನ ಮೇಲೆ ಇಕ್ಕಳಗಳು ಕುದಿಯುತ್ತಿದ್ದವು. ವಿರೂಪಾಕ್ಷಪ್ಪ ಮರಗಟ್ಟಿಸುವ ಔಷಧವನ್ನು ಸಿರಿಂಜಿಗೆ ಏರಿಸುತ್ತಿದ್ದರು. ಐವತ್ತರ ಸಮೀಪದ, ಮೆಲ್ಲಗೆ ಮಾತಾಡುವ ಮನುಷ್ಯ.

"ಏನ್ ಹೊಂಬಳ, ನಿಂದೂ ಹಲ್ಲ ಅಲಗಾಡಾಕತ್ತೈತೇನು?"

"ಸರ್, ಈ ಹುಡುಗಿದು ಇವತ್ತ ಕೀಳಬ್ಯಾಡ್ರಿ."

"ಯಾಕ?"

"ನ್ಯೂಟ್ರೊಫಿಲ್ ಸೊನ್ನಿ ಅದಾವ. ಎರಡ ಸಲ ರಕ್ತ ತಗದೀನಿ. ನನ್ನ ರಕ್ತ ಪಕ್ಕಕ್ಕಿಟ್ಟು ನೋಡೀನಿ. ಬಣ್ಣ ಸರಿ ಅದ."

ವಿರೂಪಾಕ್ಷಪ್ಪ ಸಿರಿಂಜನ್ನು ತಟ್ಟೆಯಲ್ಲಿಟ್ಟರು. ಮೇಜಿನ ಮೇಲಿದ್ದ ಹಳೆಯ ವರದಿಯನ್ನು ಎತ್ತಿ ತೋರಿಸಿದರು. "ಇದು ಯಾರ ಸಹಿ?"

"ನಂದ."

"ಐವತ್ತೆರಡು ಪರ್ಸೆಂಟ್ ಅಂತ ಬರದೀ. ಸೊನ್ನಿ ಇದ್ದ ಮಗು ಕುರ್ಚಿ ಮ್ಯಾಲೆ ಕುಂತು ಕಾಲು ಅಲಗಾಡಿಸ್ತೈತೇನು? ಮಲಗಿರತೈತಿ. ನಿನ್ನ ನೀರು ಮತ್ತ ಕೆಟ್ಟಿರಬೇಕು."

"ಹೋದ ಸಲಾನೂ ನಾ ಹಂಗ ಅನ್ಕೊಂಡೆ ಸರ್." ವಾಸುದೇವ ಕಚ್ಚಾ ವಹಿ ತೆರೆದು ಮುಂದಿಟ್ಟ. "ಫೆಬ್ರುವರಿ ನಾಲ್ಕರಂದೂ ಸೊನ್ನಿ ಇತ್ತು. ನೀರು ಕೆಟ್ಟದ ಅಂತ ಗೀಟು ಹೊಡದು, ಎಂಟು ದಿನಕ್ಕ ಬರ್ರಿ ಅಂದೆ. ಎಂಟು ದಿನಕ್ಕ ತುಂಬಿದ್ವು. ಅದನ್ನಷ್ಟ ನಿಮಗ ಕಳಿಸಿದೆ. ಎರಡೂ ಖರೆ ಇದ್ವು."

ವಿರೂಪಾಕ್ಷಪ್ಪ ಗೀಟಿನ ಸಾಲನ್ನು ಓದಿದರು.

ವಾಸುದೇವ ಗದಿಗೆವ್ವನ ಕಡೆ ತಿರುಗಿದ. "ಅವ್ವಾರ, ಬಾಯಿ ಹುಣ್ಣು ಯಾವಾಗ ಏಳ್ತದ? ದಿನಾ ಇರ್ತದೋ, ಬಂದು ಹೋಗ್ತದೋ?"

"ಬಂದು ಹೊಕ್ಕೈತಿ. ಮಂಗಳಾರ ಬರ್ತೈತಿ. ಅದು ದ್ಯಾಮವ್ವನ ವಾರ. ಅದಕ್ಕ ನಾವು ವಾರ ಹಿಡದೇವಿ. ಮಂಗಳಾರ ಹುಡುಗೀನ್ನ ಊರ ಸೀಮಿ ದಾಟಸೂದಿಲ್ಲ. ನಿನ್ನಿನೂ ಹುಣ್ಣ ಎದ್ದುವು. ಇವತ್ತ ಕರಕೊಂಡ ಬಂದ್ವಿ."

"ಪ್ರತಿ ಮಂಗಳವಾರ ಬರ್ತದೇನು?"

"ದೇವಿಗೆ ಮನಸ್ಸಾದ ಮಂಗಳಾರ."

"ನಡುವ ಎಡ್ಡ ಮಂಗಳಾರ ಖಾಲಿ ಹೊಕ್ಕಾವ್ರಿ," ಎಂದಳು ಸುಮಿತ್ರವ್ವ ಗೋಡೆಯ ಬಳಿಯಿಂದ. "ಮೂರನೇದಕ್ಕ ಬರ್ತೈತಿ. ಅವತ್ತಿನ ಹಿಂದಿನ ದಿನಾನ ಅಕಿ ಸಿಡಿಮಿಡಿ ಮಾಡತಾಳ. ನಾ ಮೊದಲ ಅಂಬಲಿ ಮಾಡಿ ಇಡತೇನಿ. ರೊಟ್ಟಿ ತಿನ್ನಾಕ ಆಗೂದಿಲ್ಲಲ್ಲ."

ಗದಿಗೆವ್ವ ಸೊಸೆಯನ್ನು ನೋಡಿದಳು. "ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ಲ ಅತ್ತಿ."

ವಾಸುದೇವ ವಹಿಯ ಹಿಂದಿನ ಪುಟದಲ್ಲಿ ತಾರೀಖು ಬರೆಯುತ್ತ ಹೋದ. ನಿನ್ನೆ ಮಾರ್ಚ್ ಹದಿನೇಳು. ಅದಕ್ಕೆ ಮೂರು ವಾರ ಹಿಂದೆ ಫೆಬ್ರುವರಿ ಇಪ್ಪತ್ತನಾಲ್ಕು. ಅದಕ್ಕೂ ಮೂರು ವಾರ ಹಿಂದೆ ಫೆಬ್ರುವರಿ ಮೂರು. ಗೀಟು ಹೊಡೆದ ಎಣಿಕೆ ಫೆಬ್ರುವರಿ ನಾಲ್ಕರದು. ಆ ಹಾಳೆಯನ್ನು ವಿರೂಪಾಕ್ಷಪ್ಪನವರ ಮುಂದೆ ಸರಿಸಿದ.

ಅವರು ತಮ್ಮ ರೋಗಿಗಳ ವಹಿ ತೆರೆದು, ಒಂದು ಬೆರಳನ್ನು ಅದರಲ್ಲಿ, ಇನ್ನೊಂದನ್ನು ವಾಸುದೇವನ ಹಾಳೆಯ ಮೇಲೆ ಇಟ್ಟರು. ಕೆಳಗಿನ ಎರಡು ಹಲ್ಲು ಕಿತ್ತಿದ್ದು ಫೆಬ್ರುವರಿ ಇಪ್ಪತ್ತೈದು.

"ಹನ್ನೊಂದನೇ ತಾರೀಖಿನ ಕಾಗದ ಕೊಟ್ಟು ಇಪ್ಪತ್ತೈದನೇ ತಾರೀಖಿಗೆ ನನ್ನ ಕಡಿಂದ ಹಲ್ಲ ಕೀಳಿಸಿದಿಯಲ್ಲೋ," ಎಂದರು.

ವಾಸುದೇವ ಪೆಟ್ಟಿಗೆಯಿಂದ ಮೂರು ಸ್ಲೈಡು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ನಾನೂ ಬಾಯಿ ನೋಡಿದ್ದೆ. ಅವತ್ತೂ ಹುಣ್ಣಿದ್ದುವು. ಹಲ್ಲು ತಿಕ್ಕೂದಿಲ್ಲ, ಹೊಲಸು ತುಂಬೈತಿ, ಅದಕ್ಕ ಅಂತ ತಿಳಿದೆ." ಅವರು ಸ್ಟೋವು ಆರಿಸಿದರು. ಆಮೇಲೆ ಸುಮಿತ್ರವ್ವನ ಕಡೆ ತಿರುಗಿದರು. "ತಂಗಿ, ನಿನ್ನ ಬಾಯಿ ಒಮ್ಮಿ ತೋರಿಸ್ತೀಯೇನು?"

ಸುಮಿತ್ರವ್ವ ಅತ್ತೆಯನ್ನು ನೋಡಿದಳು.

"ತೋರ್ಸು," ಎಂದಳು ಗದಿಗೆವ್ವ. "ಹೆಣ್ಣು ನೋಡಾಕ ಹ್ವಾದಾಗ ಹಿಂಗ ಸೆರಗು ಮುಚ್ಚಿ ನಿಂತಿದ್ಲ್ರಿ. ಭಾರಿ ನಾಚಿಕಿ ಹುಡುಗಿ ಅಂತ ನಾವು ಖುಷಿಯಿಂದ ವೀಳ್ಯಾ ಹಿಡದು ಬಂದ್ವಿ."

ಸುಮಿತ್ರವ್ವ ಸೆರಗು ಇಳಿಸಿದಳು. ವಯಸ್ಸು ಇಪ್ಪತ್ತೆಂಟು. ಬಾಯಿಯಲ್ಲಿ ಹಿಂದಿನ ಎರಡು ದವಡೆ ಹಲ್ಲು ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕವಳಿದ್ದಾಗ ಅವಳಿಗೂ ಮೂರು ವಾರಕ್ಕೊಮ್ಮೆ ಬರುತ್ತಿತ್ತೇ ಎಂದು ಕೇಳಿದ್ದಕ್ಕೆ ನೆನಪಿಲ್ಲ ಎಂದಳು. ಮದುವೆಯಾದ ಮೇಲೆ ತಾನಾಗಿಯೇ ಕಡಿಮೆಯಾಯಿತು, ಅದೇ ಹೊತ್ತಿಗೆ ಹಲ್ಲು ಕೀಳಿಸಿದ್ದು, ಹಾಗಾಗಿ ಹಲ್ಲು ಕೀಳಿಸಿದ್ದರಿಂದಲೇ ಗುಣವಾಯಿತೆಂದು ತಿಳಿದಿದ್ದೆ ಎಂದಳು.

ವಿರೂಪಾಕ್ಷಪ್ಪ ಹಳೆಯ ವರದಿಯನ್ನು ವಾಸುದೇವನ ಮುಂದೆ ಇಟ್ಟು ಪೆನ್ನು ಕೊಟ್ಟರು. "ಬಾಯಿ ಮಾತು ನನಗ ಸಾಲೂದಿಲ್ಲ. ಇದನ್ನ ಹುಬ್ಬಳ್ಳಿ ದೊಡ್ಡ ದವಾಖಾನಿ ಡಾಕ್ಟ್ರಿಗೆ ಕಳಿಸಬೇಕು. ಇದರ ಕೆಳಗ ನಾಲ್ಕನೇ ತಾರೀಖಿಂದು ಬರಿ. ಯಾಕ ಕೊಡಲಿಲ್ಲ ಅಂತಾನೂ ಬರಿ."

ವಾಸುದೇವ ಬರೆದ. "೪-೨-೧೯೮೧: ಒಟ್ಟು ೨,೮೦೦. ನ್ಯೂಟ್ರೊಫಿಲ್ ೦. ಬಣ್ಣದ ದೋಷವೆಂದು ನಾನು ತಿಳಿದು ಈ ಫಲಿತಾಂಶವನ್ನು ಕೈಬಿಟ್ಟೆ. ವೈದ್ಯರಿಗೆ ತಿಳಿಸಲಿಲ್ಲ. ಆ ಸ್ಲೈಡು ಈಗ ಇಲ್ಲ." ಅದರ ಕೆಳಗೆ ಅಂದಿನ ಎಣಿಕೆ ಬರೆದು, ಸಹಿ ಮಾಡಿ, ವೇಳೆ ಹಾಕಿದ. ಎರಡು ಗಂಟೆ ಐವತ್ತು ನಿಮಿಷ.

"ಅಂದ್ರ ಇವತ್ತ ಕೀಳೂದಿಲ್ಲ?" ಎಂದು ಗದಿಗೆವ್ವ ಕೇಳಿದಳು.

"ಇಲ್ಲವ್ವಾ. ಕಿತ್ತರ ಹುಡುಗಿ ಜೀವಕ್ಕ ಬರ್ತೈತಿ."

"ಹ್ವಾದ ಸಲ ಬಂದಿತ್ತಲ್ಲ ಜೀವಕ್ಕ. ಅದನ್ನ ಯಾರ್ ಮಾಡಿದ್ರು?"

"ನಾನ ಮಾಡೀನ್ರಿ," ಎಂದ ವಾಸುದೇವ.

"ನಾನೂ," ಎಂದರು ವಿರೂಪಾಕ್ಷಪ್ಪ.

ಗದಿಗೆವ್ವ ಇಬ್ಬರನ್ನೂ ನೋಡಿದಳು. "ಇಬ್ರೂ ಕೂಡೇ ಮಾಡೀರಿ," ಎಂದಳು. "ನಾ ಆ ದ್ಯಾಮವ್ವಗ ಸುಮ್ನ ಬೈದೆ." ಮೊಮ್ಮಗಳ ಕೈ ಹಿಡಿದು ಕುರ್ಚಿಯಿಂದ ಇಳಿಸಿದಳು. ಹುಡುಗಿ ಕೆಳಗಿಳಿದವಳೇ ತಟ್ಟೆಯಲ್ಲಿದ್ದ ಸಿರಿಂಜಿನಿಂದ ದೂರ ಸರಿದು ತಾಯಿಯ ಹಿಂದೆ ನಿಂತಳು.

ಮರುದಿನ ಕೇಂದ್ರದ ಒಡೆಯರು ವಾಸುದೇವನನ್ನು ಅರ್ಧ ಗಂಟೆ ಎದುರಿಗೆ ನಿಲ್ಲಿಸಿಕೊಂಡು ಮಾತಾಡಿದರು. ನೌಕರಿ ತೆಗೆಯಲಿಲ್ಲ. ಬರೆದದ್ದನ್ನು ಹಿಂದಕ್ಕೆ ಪಡೆಯಬೇಕೆಂದು ಹೇಳಿದರು. ವರದಿ ಆ ಹೊತ್ತಿಗಾಗಲೇ ಹುಬ್ಬಳ್ಳಿಗೆ ಹೋಗುವ ಅಂಚೆಯಲ್ಲಿತ್ತು.

ಅಲ್ಲಿಯ ದೊಡ್ಡ ದವಾಖಾನೆಯ ವೈದ್ಯರಿಂದ ಹತ್ತು ದಿನಕ್ಕೆ ಪತ್ರ ಬಂತು. ಈ ಕಾಯಿಲೆಗೆ ಸೈಕ್ಲಿಕ್ ನ್ಯೂಟ್ರೊಪೀನಿಯಾ ಎನ್ನುತ್ತಾರೆ, ಅಪರೂಪದ್ದು, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರಬಹುದು, ಗುಣಪಡಿಸುವ ಔಷಧ ತಮಗೆ ತಿಳಿದಿಲ್ಲ ಎಂದು ಬರೆದಿದ್ದರು. ಒಸಡಿನ ಕೆಳಗಿನ ಎಲುಬು ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಆದ್ದರಿಂದ ಹಲ್ಲು ಅಲುಗುತ್ತದೆ. ಬಾಯಿ ಸ್ವಚ್ಛವಾಗಿಟ್ಟರೆ ಸವೆತ ನಿಧಾನವಾದೀತು. ಹಲ್ಲಿನ ಯಾವ ಕೆಲಸವನ್ನೂ ಕಣಗಳು ತುಂಬಿರುವ ದಿನವೇ ಮಾಡಬೇಕು. ಆದರೆ ಎರಡು ಸಲದ ಸೊನ್ನೆಯಿಂದ ಏನೂ ಸಾಬೀತಾಗುವುದಿಲ್ಲ, ಮುಂದಿನ ಸುತ್ತನ್ನು ಹುಣ್ಣು ಎದ್ದ ದಿನವೇ ನೋಡಬೇಕು ಎಂದು ಕೊನೆಗೆ ಸೇರಿಸಿದ್ದರು.

ಮುಂದಿನ ಸುತ್ತು ಏಪ್ರಿಲ್ ಏಳು, ಮಂಗಳವಾರ. ಮಂಗಳವಾರ ಹುಡುಗಿ ಸೀಮೆ ದಾಟುವಂತಿರಲಿಲ್ಲ. ವಾಸುದೇವ ರಜೆ ಹಾಕಿ ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಬಾಳೆಹೊಸೂರಿಗೆ ಹೋದ. ಸ್ಲೈಡು, ಸೂಜಿ, ಸ್ಪಿರಿಟ್ಟಿನ ಬಾಟಲಿ ಚೀಲದಲ್ಲಿದ್ದವು. ಯುಗಾದಿ ಮುಗಿದು ಎರಡು ದಿನವಾಗಿತ್ತು.

ಗದಿಗೆವ್ವ ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತ ಕುಳಿತಿದ್ದಳು.

"ಕುಂಡ್ರಿ ರಾಯರ. ನಿಮ್ಮ ಲೆಕ್ಕ ಖರೆ ಆತು. ನಸಕಿನ್ಯಾಗ ಎದ್ದುವು ಹುಣ್ಣ."

"ದೇವಿ ವಾರ. ರಕ್ತ ತಗೀಲೋ ಬ್ಯಾಡೋ?"

"ಎಷ್ಟ ತಗೀತೀರಿ?"

"ಒಂದ ಹನಿ."

"ಒಂದ ಹನಿಗೆ ದ್ಯಾಮವ್ವ ಏನಂದಾಳು. ಸೀಮಿಯೊಳಗ ಅದೀವಿ. ತಗೋರಿ."

ಹುಡುಗಿಯದು ತೆಗೆದ. ಯಾರೂ ಕೇಳದಿದ್ದರೂ ಸುಮಿತ್ರವ್ವ ಕೈ ಚಾಚಿದಳು, ಅವಳದೂ ತೆಗೆದ. ಗದಿಗೆವ್ವ ಅಡಕೊತ್ತು ಬದಿಗಿಟ್ಟು ತನ್ನ ಬೆರಳನ್ನೂ ಮುಂದೆ ಮಾಡಿದಳು.

"ನಿಮಗ್ಯಾಕ್ರಿ ಅವ್ವಾರ? ನಿಮ್ಮವು ಮೂವತ್ತೆರಡೂ ಅದಾವ."

"ಎಣಿಸಿ ಹೇಳ್ರಿ. ನಾಳೆ ಇದು ನಮ್ಮ ಮನೆತನದಿಂದ ಬಂದೈತಿ ಅಂತ ಇಕಿ ತವರಮನಿಯವ್ರು ಅನಬಾರದು."

ಸುಮಿತ್ರವ್ವ ನಕ್ಕಳು. ನಗುವಾಗ ಸೆರಗು ಹಿಡಿಯುವುದನ್ನು ಮರೆತಳು, ಮರುಕ್ಷಣವೇ ಹಿಡಿದಳು.

ಅಂದು ಸಂಜೆ ಐದು ಗಂಟೆಗೆ ಗದಗಿನಲ್ಲಿ ಎಣಿಕೆ ಮುಗಿಯಿತು. ನೀಲಗಂಗಾ, ನೂರಕ್ಕೆ ಸೊನ್ನೆ. ಸುಮಿತ್ರವ್ವ, ಹನ್ನೊಂದು. ಗದಿಗೆವ್ವ, ಐವತ್ತೆಂಟು. ಮೂರನ್ನೂ ವಾಸುದೇವ ದೊಡ್ಡ ರಿಜಿಸ್ಟರಿಗೆ ಏರಿಸಿದ.

ಏಪ್ರಿಲ್ ಹದಿನಾರು, ಗುರುವಾರ ಬೆಳಿಗ್ಗೆ ಹುಡುಗಿಯ ನ್ಯೂಟ್ರೊಫಿಲ್ ನೂರಕ್ಕೆ ನಲವತ್ತೊಂಬತ್ತು ಇದ್ದವು. ಹನ್ನೊಂದು ಗಂಟೆಗೆ ವಿರೂಪಾಕ್ಷಪ್ಪ ಮೇಲಿನ ನಾಲ್ಕು ಹಲ್ಲುಗಳಲ್ಲಿ ತೀರ ಸಡಿಲವಾಗಿದ್ದ ಒಂದನ್ನು ಮಾತ್ರ ಕಿತ್ತರು. ಉಳಿದ ಹಲ್ಲುಗಳ ಬುಡದ ಕಿಟ್ಟ ಕೆರೆದು ತೆಗೆದರು, ಅದಕ್ಕೆ ಒಂದು ಗಂಟೆ ಹಿಡಿಯಿತು. ಮೆದು ಬ್ರಷ್ಷಿನಿಂದ ಹೇಗೆ ತಿಕ್ಕಬೇಕು, ಉಪ್ಪುನೀರಿನಿಂದ ದಿನಕ್ಕೆ ಎಷ್ಟು ಸಲ ಮುಕ್ಕಳಿಸಬೇಕು ಎಂಬುದನ್ನು ಸುಮಿತ್ರವ್ವನಿಗೆ ಎರಡು ಸಲ ಹೇಳಿಕೊಟ್ಟು, ಅವಳಿಂದ ಒಂದು ಸಲ ಮಾಡಿಸಿ ನೋಡಿದರು.

ಏಪ್ರಿಲ್ ಇಪ್ಪತ್ತೆಂಟು, ಮಂಗಳವಾರ ಮತ್ತೆ ಹುಣ್ಣು ಎದ್ದಿತು. ಜ್ವರ ನೂರಾ ಒಂದು ಡಿಗ್ರಿ ದಾಟಲಿಲ್ಲ. ಕಿತ್ತ ಹಲ್ಲಿನ ಗಾಯ ಆ ಹೊತ್ತಿಗೆ ಕೂಡಿಕೊಂಡಿತ್ತು. ಮೇಲಿನ ಮೂರು ಹಲ್ಲು ಬಾಯಿಯಲ್ಲಿದ್ದವು, ಅವುಗಳಲ್ಲಿ ಎರಡು ಇನ್ನೂ ಅಲುಗುತ್ತಿದ್ದವು. ಆ ವಾರದ ಶನಿವಾರ ನೀಲಗಂಗಾ ರೊಟ್ಟಿ ತಿಂದಳು.